ಮೊದಲ ಸ್ಕೀ ರಜೆ: ಬೆಟ್ಟ ಆಮೇಲೆ, ಬೂಟು ಮೊದಲು

ಆಲ್ಪ್ಸ್‌ಗೆ ಸ್ಕೀ ಮಾಡೋಕೆ ಹೋಗ್ತೀವಿ ಎಂದರೆ ಮನೆಯಲ್ಲಿ ಎರಡು ಪ್ರಶ್ನೆ ಬರುತ್ತವೆ. ಎಷ್ಟು ಖರ್ಚಾಗುತ್ತೆ? ಬಿದ್ದರೆ? ಉತ್ತರ ಈಗಲೇ ಹೇಳಿಬಿಡುತ್ತೇನೆ: ಜಾಸ್ತಿಯೇ ಆಗುತ್ತೆ, ಬಿದ್ದೇ ಬೀಳುತ್ತೀರಿ. ಇವೆರಡಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಹೊರಟವರ ರಜೆಯೂ ಕೆಡುವುದುಂಟು. ತಪ್ಪು ವಾರ, ತಪ್ಪು ಊರು, ತಪ್ಪು ಬೂಟು, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ. ಮೂರನ್ನೂ ಹಿಮಕ್ಕೆ ಕಾಲಿಡುವ ಮೊದಲೇ ಸರಿ ಮಾಡಿಕೊಳ್ಳಬಹುದು. ಹೇಗೆ ಅನ್ನುವುದನ್ನು ಸ್ವಿಟ್ಜರ್‌ಲೆಂಡಿನ ವೆಂಗೆನ್ ಎಂಬ ಹಳ್ಳಿಯನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ನಾನು ಮೊದಲು ಬಿದ್ದದ್ದು ಅಲ್ಲೇ.

1. ವಾರ ಹಿಡಿಯಿರಿ

ಸೀಸನ್ ಡಿಸೆಂಬರ್‌ನಿಂದ ಏಪ್ರಿಲ್ ಮೊದಲ ವಾರಗಳವರೆಗೆ. ಕ್ರಿಸ್‌ಮಸ್, ಹೊಸ ವರ್ಷದ ವಾರ ಎಲ್ಲಕ್ಕಿಂತ ದುಬಾರಿ. ಫೆಬ್ರುವರಿಯಲ್ಲಿ ಸ್ವಿಸ್, ಫ್ರೆಂಚ್, ಬ್ರಿಟಿಷ್ ಶಾಲೆಗಳಿಗೆ ಒಂದರ ಹಿಂದೆ ಒಂದು ರಜೆ. ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಕ್ಯೂ ನಮ್ಮ ಜಾತ್ರೆ ನೆನಪಿಸುತ್ತದೆ. ಜನವರಿಯ ಎರಡನೇ ಅರ್ಧದಲ್ಲಿ ಜನ ಕಡಿಮೆ, ಬೆಲೆ ಕಡಿಮೆ, ಚಳಿ ಮಾತ್ರ ಜಾಸ್ತಿ. ಹೊಸಬರಿಗೆ ನನ್ನ ಓಟು ಮಾರ್ಚ್ ಮಧ್ಯಕ್ಕೆ. ಹಗಲು ಉದ್ದ, ಬಿಸಿಲು ಇರುತ್ತದೆ, ಬಿದ್ದರೂ ಹಿಮ ಮೆತ್ತಗಿರುತ್ತದೆ.

ಮಾರ್ಚ್ ಎಂದರೆ ನಮ್ಮಲ್ಲಿ ಪರೀಕ್ಷೆ ಕಾಲ, ಅಲ್ವಾ? ಹಾಗಾಗಿ ಶಾಲೆಗೆ ಹೋಗುವ ಮಕ್ಕಳಿದ್ದವರು ಕೊನೆಗೆ ಕ್ರಿಸ್‌ಮಸ್ ವಾರಕ್ಕೇ ಬಂದು ನಿಲ್ಲುತ್ತಾರೆ. ಅಂಥವರು ಗಣೇಶನ ಹಬ್ಬದ ಹೊತ್ತಿಗೆ ರೂಮು ಹಿಡಿದಿರಬೇಕು. ಬಾಡಿಗೆ ಅಪಾರ್ಟ್‌ಮೆಂಟುಗಳು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೇ ಕೊಡುತ್ತಾರೆ. ಸ್ಕೀ ಶಾಲೆಯ ವಾರವೂ ಭಾನುವಾರವೋ ಸೋಮವಾರವೋ ಶುರುವಾಗುತ್ತದೆ. ವಿಮಾನದ ಟಿಕೆಟ್ ಅಗ್ಗ ಸಿಕ್ಕಿತೆಂದು ಬುಧವಾರ ಹೋಗಿ ಇಳಿದರೆ ಎರಡೂ ಕೈತಪ್ಪುತ್ತವೆ.

ವೆಂಗೆನ್‌ಗೆ ಹೋಗುವವರು ಇನ್ನೊಂದು ನೋಡಿಕೊಳ್ಳಿ. ಜನವರಿಯಲ್ಲಿ ಅಲ್ಲಿ ಲೌಬರ್‌ಹಾರ್ನ್ ಸ್ಕೀ ರೇಸ್ ನಡೆಯುತ್ತದೆ, 1930ರಿಂದ. ಸುಮಾರು ನಾಲ್ಕೂವರೆ ಕಿಲೋಮೀಟರ್ ಇಳಿಜಾರನ್ನು ಎರಡೂವರೆ ನಿಮಿಷದಲ್ಲಿ ಇಳಿದುಬಿಡುತ್ತಾರೆ. ನೋಡಲು ಚೆಂದ. ಕಲಿಯಲು ಆ ವಾರ ಬೇಡ.

2. ಊರು ಆರಿಸುವಾಗ ದೊಡ್ಡ ಬೆಟ್ಟ ನೋಡಬೇಡಿ, ಸಣ್ಣ ಇಳಿಜಾರು ನೋಡಿ

ಜಾಹೀರಾತುಗಳಲ್ಲಿ ಇನ್ನೂರು ಕಿಲೋಮೀಟರ್ ಸ್ಕೀ ದಾರಿ ಎಂದು ಬರೆದಿರುತ್ತಾರೆ. ಮೊದಲ ವಾರ ನಿಮಗೆ ಬೇಕಾದದ್ದು ನೂರು ಮೀಟರ್. ಆ ನೂರು ಮೀಟರ್ ನಿಮ್ಮ ರೂಮಿನಿಂದ ಎಷ್ಟು ದೂರ ಅನ್ನುವುದೇ ಮುಖ್ಯ. ಭಾರದ ಬೂಟು ಹಾಕಿ, ಹೆಗಲ ಮೇಲೆ ಸ್ಕೀ ಹೊತ್ತು, ಅಳುವ ಮಗುವನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಸ್ ಸ್ಟಾಪಿಗೆ ನಡೆದು ನೋಡಿ, ಗೊತ್ತಾಗುತ್ತದೆ.

ವೆಂಗೆನ್ ನನಗೆ ಹಿಡಿಸಿದ್ದು ಅದಕ್ಕೇ. ಕಲಿಯುವವರ ಇಳಿಜಾರು ಊರಿನ ನಡುವೆಯೇ ಇದೆ. ಊರೊಳಗೆ ಪ್ರವಾಸಿಗರ ಕಾರು ಬರುವ ಹಾಗಿಲ್ಲ. ಸಮುದ್ರಮಟ್ಟದಿಂದ 1274 ಮೀಟರ್ ಎತ್ತರ, ಹಾಗಾಗಿ ತಲೆಸುತ್ತಿನ ಭಯ ಕಡಿಮೆ. ಸ್ಕೀ ಬೇಡ ಎನ್ನುವ ಅಜ್ಜ ಅಜ್ಜಿಯರೂ ಸುಮ್ನೆ ಕೂರಬೇಕಾಗಿಲ್ಲ. ಕೇಬಲ್ ಕಾರಿನಲ್ಲಿ ಮೇನ್ಲಿಶೆನ್ ಬೆಟ್ಟಕ್ಕೆ ಹೋದರೆ ಐಗರ್, ಮೋಂಕ್, ಯೂಂಗ್‌ಫ್ರೌ ಮೂರೂ ಶಿಖರ ಎದುರಿಗೇ ಕಾಣುತ್ತವೆ.

ಇಳಿಜಾರುಗಳಿಗೆ ಬಣ್ಣವಿದೆ. ಸ್ವಿಟ್ಜರ್‌ಲೆಂಡಿನಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಫ್ರಾನ್ಸಿನಲ್ಲಿ ನೀಲಿಗಿಂತ ಸುಲಭದ ಹಸಿರೂ ಇದೆ. ಊರಿನ ನಕ್ಷೆ ತೆಗೆದು ನೀಲಿ ಗೆರೆ ಎಷ್ಟಿದೆ ನೋಡಿ. ಮಿಕ್ಕಿದ್ದು ಮುಂದಿನ ವರ್ಷಕ್ಕೆ.

ದಕ್ಷಿಣದವರಿಗೆ ಹಿಮ ಎಲ್ಲಿ ಒಗ್ಗುತ್ತೆ ಎಂದು ಯಾರಾದರೂ ನಕ್ಕರೆ ಒಂದು ವಿಷಯ ಹೇಳಿ. ವೆಂಗೆನ್‌ನಿಂದ ಕಣಿವೆಯ ಆಚೆ ಬದಿಯಲ್ಲಿ ಮ್ಯುರೆನ್ ಎಂಬ ಹಳ್ಳಿ ಇದೆ. ಕಂಬಗಳ ನಡುವೆ ಹಾವಿನಂತೆ ತಿರುಗಿ ಇಳಿಯುವ ಸ್ಲಾಲಂ ಸ್ಪರ್ಧೆ ಈಗಿನ ರೂಪದಲ್ಲಿ ಶುರುವಾದದ್ದು 1922ರಲ್ಲಿ, ಅಲ್ಲಿ. ಶುರು ಮಾಡಿದ ಅರ್ನಾಲ್ಡ್ ಲನ್ ಎಂಬ ಇಂಗ್ಲಿಷಿನವರು ಹುಟ್ಟಿದ್ದು 1888ರಲ್ಲಿ, ನಮ್ಮ ಪಕ್ಕದ ಮದ್ರಾಸಿನಲ್ಲಿ!

3. ವೀಸಾ, ವಿಮೆ

ಸ್ವಿಟ್ಜರ್‌ಲೆಂಡಿಗೆ ಬೇಕಾದದ್ದು ಷೆಂಗೆನ್ ವೀಸಾ. ಅದಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬೆಂಗಳೂರಿನಲ್ಲೇ ಕೊಡಬಹುದು. ದೊಡ್ಡವರಿಗೆ ಶುಲ್ಕ 90 ಯೂರೊ, 6 ವರ್ಷ ತುಂಬಿದ, 12 ತುಂಬದ ಮಕ್ಕಳಿಗೆ ಅರ್ಧ. ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ಎಡವುವುದು ಇಲ್ಲೇ. ವೀಸಾಗೆಂದು ತೆಗೆದುಕೊಳ್ಳುವ ಅಗ್ಗದ ಪಾಲಿಸಿಗಳಲ್ಲಿ ಸ್ಕೀಯಿಂಗ್ ಸೇರಿರುವುದಿಲ್ಲ ಎಂಬ ಸಾಲು ಸಣ್ಣಕ್ಷರದಲ್ಲಿ ಇರಬಹುದು. ಚಳಿಗಾಲದ ಆಟಗಳಿಗೆ ಬೇರೆ ಸೇರಿಸಿಕೊಳ್ಳಿ. ಬೆಟ್ಟದಿಂದ ಕೆಳಗಿಳಿಸುವ ಖರ್ಚು, ಹೆಲಿಕಾಪ್ಟರ್ ಖರ್ಚು ಅದರಲ್ಲಿದೆಯೇ ಎಂದು ಬರಹದಲ್ಲಿ ಕೇಳಿ. ಸ್ಕೀ ದಾರಿಯ ಗುರುತಿನ ಕಂಬಗಳ ಆಚೆ ಹೋಗಿ ಬಿದ್ದರೆ ಹೆಚ್ಚಿನ ಪಾಲಿಸಿಗಳು ಕೈ ಎತ್ತುತ್ತವೆ. ಅಲ್ಲಿನ ಆಂಬುಲೆನ್ಸ್ ನಂಬರ್ 144. ರೇಗಾ ಎಂಬ ಹೆಲಿಕಾಪ್ಟರ್ ಸೇವೆಗೆ 1414. ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

4. ಬಸ್ಕಿ ಹೊಡೆಯಿರಿ

ತಮಾಷೆಯಲ್ಲ. ಸ್ಕೀ ಮಾಡುವಾಗ ಇಡೀ ದಿನ ಮಂಡಿ ಬಗ್ಗಿಸಿಯೇ ಇರಬೇಕು. ಆರು ವಾರ ಮೊದಲಿಂದ ದಿನಾ ಬಸ್ಕಿ ಹೊಡೆಯಿರಿ. ಗೋಡೆಗೆ ಬೆನ್ನು ಒರಗಿಸಿ, ಇಲ್ಲದ ಕುರ್ಚಿಯ ಮೇಲೆ ಕೂತ ಹಾಗೆ ಒಂದು ನಿಮಿಷ ನಿಲ್ಲಿ. ಮೇಷ್ಟ್ರು ಕೊಡುತ್ತಿದ್ದ ಶಿಕ್ಷೆಗಳೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ.

5. ಪೆಟ್ಟಿಗೆ ಕಟ್ಟುವುದು

ಸ್ಕೀ, ಕೋಲು, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಕೊಳ್ಳಬೇಡಿ. ಒಯ್ಯಬೇಕಾದದ್ದು ನೀರು ಹಿಡಿಯದ ಜಾಕೆಟ್, ಪ್ಯಾಂಟ್, ಒಳಗೆ ಥರ್ಮಲ್ಸ್, ನೀರು ಹಿಡಿಯದ ಕೈಗವಸು, ಗಾಗಲ್ಸ್, ಸನ್‌ಸ್ಕ್ರೀನ್. ಉಣ್ಣೆಯ ಕೈಗವಸು ಹತ್ತು ನಿಮಿಷಕ್ಕೆ ಒದ್ದೆ. ಜೀನ್ಸ್ ಐದು ನಿಮಿಷಕ್ಕೆ. ಅಮ್ಮ ಪ್ರೀತಿಯಿಂದ ತುರುಕುವ ಮಂಕಿ ಕ್ಯಾಪ್ ಹೆಲ್ಮೆಟ್ಟಿನೊಳಗೆ ಹೋಗುವುದಿಲ್ಲ, ರಾತ್ರಿ ಊರು ಸುತ್ತಲು ಇಟ್ಟುಕೊಳ್ಳಿ. ಹೊಸ ಹಿಮ ಬಿಸಿಲನ್ನು ವಾಪಸ್ ಮುಖಕ್ಕೇ ಹೊಡೆಯುತ್ತದೆ. ಮೂಗಿನ ತುದಿ, ಗಲ್ಲದ ಕೆಳಭಾಗ ಸುಡುತ್ತವೆ. ಅಲ್ಲಿಗೂ ಸನ್‌ಸ್ಕ್ರೀನ್ ಹಚ್ಚಿ.

ತಿಂಡಿಯ ವಿಷಯ: ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ತೊಂದರೆಯಿಲ್ಲ. ತುಪ್ಪ ಮಾತ್ರ ಒಯ್ಯುವಂತಿಲ್ಲ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಸ್ವಿಸ್ ಕಸ್ಟಮ್ಸ್ ನಿಷೇಧಿಸಿದೆ. ಹಸಿ ಕರಿಬೇವೂ ಬೇಡ.

6. ರೈಲಿನಲ್ಲಿ ಸರಿಯಾದ ಡಬ್ಬಿ

ಜ್ಯೂರಿಕ್ ವಿಮಾನ ನಿಲ್ದಾಣದಿಂದ ಇಂಟರ್‌ಲಾಕೆನ್ ಓಸ್ಟ್‌ವರೆಗೆ ದೊಡ್ಡ ರೈಲು. ಅಲ್ಲಿಂದ ಚಿಕ್ಕ ರೈಲಿನಲ್ಲಿ ಲೌಟರ್‌ಬ್ರುನೆನ್‌ಗೆ ಇಪ್ಪತ್ತು ನಿಮಿಷ. ಈ ಚಿಕ್ಕ ರೈಲು ಸ್ವೈಲ್ಯುಚಿನೆನ್ ಎಂಬ ಸ್ಟೇಷನ್ನಿನಲ್ಲಿ ಎರಡು ತುಂಡಾಗುತ್ತದೆ. ಒಂದು ತುಂಡು ಲೌಟರ್‌ಬ್ರುನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಹತ್ತುವಾಗಲೇ ಡಬ್ಬಿಯ ಮೇಲಿನ ಬೋರ್ಡು ಓದಿ. ನಾವು ಓದಲಿಲ್ಲ. ಕಿಟಕಿಯಲ್ಲಿ ಅಷ್ಟು ಚೆಂದದ ಬೆಟ್ಟ ಇರುವಾಗ ಬೋರ್ಡು ಯಾರು ನೋಡುತ್ತಾರೆ? ಒಂದು ಗಂಟೆ ಹೋಯಿತು.

ಲೌಟರ್‌ಬ್ರುನೆನ್‌ನಿಂದ ಹಲ್ಲುಗಾಲಿಯ ರೈಲು ಕಾಲು ಗಂಟೆಯಲ್ಲಿ ವೆಂಗೆನ್‌ಗೆ ಹತ್ತಿಸುತ್ತದೆ. ಸ್ವಿಸ್ ಟ್ರಾವೆಲ್ ಪಾಸ್ ವೆಂಗೆನ್‌ವರೆಗೂ ನಡೆಯುತ್ತದೆ. ಸ್ಟೇಷನ್ನಿನಲ್ಲಿ ಹೋಟೆಲಿನವರ ಪುಟ್ಟ ಎಲೆಕ್ಟ್ರಿಕ್ ಗಾಡಿ ಬಂದು ಪೆಟ್ಟಿಗೆ ಒಯ್ಯುತ್ತದೆ. ಮೊದಲೇ ಫೋನ್ ಮಾಡಿ ಹೇಳಿರಬೇಕು.

7. ಬೂಟು

ಇಲ್ಲಿ ಅರ್ಧ ಗಂಟೆ ಕೊಡಿ, ನಾಚಿಕೆ ಬಿಡಿ. ಮೊದಲ ಸಲ ನಾನು ಒಂದು ನಂಬರ್ ದೊಡ್ಡ ಬೂಟು ಕೇಳಿ ತೆಗೆದುಕೊಂಡೆ, ಬಾಟಾ ಅಂಗಡಿಯ ಅಭ್ಯಾಸ. ಅಂಗಡಿಯ ಹುಡುಗನೂ ಅವಸರದಲ್ಲಿ ಹ್ಞೂಂ ಅಂದ. ಮಧ್ಯಾಹ್ನದ ಹೊತ್ತಿಗೆ ಒಳಗೆ ಕಾಲು ಈಜುತ್ತಿತ್ತು. ಬೂಟು ಒಂದು ಕಡೆ ತಿರುಗಿದರೆ ಕಾಲು ಇನ್ನೊಂದು ಕಡೆ. ಕಣಕಾಲಿನ ಚರ್ಮ ಸುಲಿದುಹೋಯಿತು.

ಸರಿಯಾದ ಕ್ರಮ ಹೀಗಿದೆ. ಒಂದೇ ಜೊತೆ ತೆಳ್ಳಗಿನ ಉದ್ದ ಕಾಲುಚೀಲ. ಥರ್ಮಲ್ಸಿನ ಅಂಚು ಬೂಟಿನೊಳಗೆ ಹೋಗಬಾರದು, ಒಂದು ಮಡಿಕೆ ಸಾಕು ಗಾಯಕ್ಕೆ. ಕಾಲು ತೂರಿಸಿ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಆಮೇಲೆ ಬಕಲ್ ಹಾಕಿ. ನೆಟ್ಟಗೆ ನಿಂತರೆ ಹೆಬ್ಬೆರಳು ಮುಂದೆ ತಾಗಬೇಕು. ಮಂಡಿ ಬಗ್ಗಿಸಿ ಮುಂದಕ್ಕೆ ವಾಲಿದರೆ ಬೆರಳು ಬಿಡಿಸಿಕೊಳ್ಳಬೇಕು. ಹಿಮ್ಮಡಿ ಮೇಲೇಳಬಾರದು. ಬಿಗಿ ಅನ್ನಿಸಬೇಕು, ನೋವಾಗಬಾರದು. ಹಾಕಿಕೊಂಡು ಅಂಗಡಿಯಲ್ಲೇ ಹತ್ತು ನಿಮಿಷ ಓಡಾಡಿ. ಆನೆ ನಡೆದ ಹಾಗೆ ಕಾಣುತ್ತದೆ, ಎಲ್ಲರೂ ಹಾಗೇ ಕಾಣುತ್ತಾರೆ.

ನಿಮ್ಮ ತೂಕ ಕೇಳುತ್ತಾರೆ. ನಿಜ ಹೇಳಿ. ಬಿದ್ದಾಗ ಸ್ಕೀ ಕಳಚಿಕೊಳ್ಳುವ ಬೈಂಡಿಂಗ್ ಅನ್ನು ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಎಷ್ಟು ಕಲಿತಿದ್ದೀರಿ ಎಂಬುದರ ಮೇಲೆ ತಿರುಗಿಸಿ ಇಡುತ್ತಾರೆ. ಲೆಕ್ಕ ತಪ್ಪಿ ಬಿಗಿಯಾದರೆ ಬಿದ್ದಾಗ ಸ್ಕೀ ಕಳಚುವುದಿಲ್ಲ, ಮಂಡಿ ತಿರುಚುತ್ತದೆ.

8. ಶಾಲೆಗೆ ಸೇರಿ

ಗಂಡನ ಹತ್ತಿರ ಡ್ರೈವಿಂಗ್ ಕಲಿತವರಿಗೆ ಗೊತ್ತು, ಮನೆಯವರು ಕಲಿಸಿದರೆ ಏನಾಗುತ್ತದೆ ಎಂದು. ಮೂರು ದಿನ ಗುಂಪಿನ ಪಾಠಕ್ಕೆ ದುಡ್ಡು ಕಟ್ಟಿ. ಮೊದಲ ದಿನ ಬೀಳುವುದು, ಏಳುವುದು, ನಿಲ್ಲುವುದು, ಇಷ್ಟೇ. ಪಕ್ಕಕ್ಕೆ ಬೀಳಿ. ಏಳುವಾಗ ಸ್ಕೀ ಎರಡನ್ನೂ ಇಳಿಜಾರಿಗೆ ಅಡ್ಡ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎದ್ದ ಕೂಡಲೇ ಜಾರುತ್ತೀರಿ. ನಿಲ್ಲಲು ಸ್ಕೀಗಳ ಮೂತಿ ಹತ್ತಿರ, ಬಾಲ ದೂರ. ಮಕ್ಕಳಿಗೆ ಪಿಜ್ಜಾ ತುಂಡು ಎಂದು ಹೇಳಿಕೊಡುತ್ತಾರೆ. ನನ್ನ ಮಗಳು ಅರ್ಧ ಗಂಟೆಯಲ್ಲಿ ಕಲಿತು, ಎರಡು ದಿನ ನನಗೆ "ಅಮ್ಮಾ, ಪಿಜ್ಜಾ!" ಎಂದು ಕೂಗುತ್ತಿದ್ದಳು.

ಬೆಟ್ಟದ ಪೂರ್ತಿ ಪಾಸ್ ಮೊದಲೇ ಕೊಳ್ಳಬೇಡಿ. ಕಲಿಯುವವರ ಲಿಫ್ಟಿಗೆ ಬೇರೆ ಅಗ್ಗದ ಟಿಕೆಟ್ ಇದೆಯೇ ಎಂದು ಶಾಲೆಯಲ್ಲೇ ಕೇಳಿ. ಮೂರನೇ ದಿನ ತೊಡೆಗಳು ಮುಷ್ಕರ ಹೂಡುತ್ತವೆ, ಮಧ್ಯಾಹ್ನದ ಮೇಲೆ ಏನೂ ಇಟ್ಟುಕೊಳ್ಳಬೇಡಿ. 3454 ಮೀಟರ್ ಎತ್ತರದಲ್ಲಿರುವ ರೈಲು ನಿಲ್ದಾಣ ಯೂಂಗ್‌ಫ್ರೌಯೋಕ್‌ಗೆ ಹೋಗುವುದಿದ್ದರೆ ನಾಲ್ಕನೇ ದಿನಕ್ಕೆ ಇಡಿ. ಬಂದ ದಿನವೇ ಹೋದರೆ ಉಸಿರು ಹಿಡಿಯುತ್ತದೆ.

ಸಂಜೆ ಲಿಫ್ಟ್ ನಿಂತ ಮೇಲೆ ಇಳಿಜಾರಿನಲ್ಲಿ ಇರಬೇಡಿ. ಹಿಮ ಸಮ ಮಾಡುವ ಯಂತ್ರಗಳು ಬರುತ್ತವೆ. ಕಡಿದಾದ ಕಡೆ ಅವನ್ನು ಉಕ್ಕಿನ ಹಗ್ಗ ಕಟ್ಟಿ ಎಳೆಯುತ್ತಾರೆ, ಕತ್ತಲಲ್ಲಿ ಆ ಹಗ್ಗ ಕಾಣುವುದಿಲ್ಲ.

9. ಊಟ

ಸಸ್ಯಾಹಾರಿಗಳಿಗೆ ಆಲೂಗೆಡ್ಡೆ ತುರಿದು ಹುರಿದ ರೋಸ್ಟಿ ಎಲ್ಲೆಡೆ ಸಿಗುತ್ತದೆ. "ಓನೆ ಶ್ಪೆಕ್" ಎಂದು ಹೇಳಿ, ಹಂದಿಮಾಂಸ ಹಾಕದೆ ಕೊಡುತ್ತಾರೆ. ಕರಗಿಸಿದ ಚೀಸಿನ ಫೊಂಡ್ಯೂನಲ್ಲಿ ಸಾಮಾನ್ಯವಾಗಿ ಬಿಳಿ ವೈನ್ ಇರುತ್ತದೆ. ಮದ್ಯ ಮುಟ್ಟದವರು ಕೇಳಿ ನೋಡಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ಖರ್ಚು ಎಷ್ಟೋ ಇಳಿಯುತ್ತದೆ. ಸಂಜೆ ಐದಕ್ಕೆ ಬೂಟು ಕಳಚಿ, ಒಳಪದರ ಒಣಗಲು ಹೀಟರ್ ಹತ್ತಿರ ಇಟ್ಟು, ಒಂದು ಪಾತ್ರೆ ಬಿಸಿ ಅನ್ನ, ಸಾರು. ಹೊರಗೆ ಮೈನಸ್ ಎಂಟು. ಕಿಟಕಿಯ ಗಾಜಿನ ಮೇಲೆ ಸಾರಿನ ಹಬೆ ಕೂತು ಬೆಟ್ಟ ಕಾಣುತ್ತಿರಲಿಲ್ಲ. ಒರೆಸಲು ಯಾರೂ ಏಳಲಿಲ್ಲ.