ನೆಲದಿಂದ ಏಳೋದನ್ನ ಮತ್ತೆ ಕಲಿತೆ

ಮಾತ್ರೆಯೊಂದು ಕೈಜಾರಿ ಮಂಚದಡಿ ಉರುಳಿತು. ಎತ್ತಿಕೊಳ್ಳೋಣ ಅಂತ ನೆಲಕ್ಕೆ ಕೂತೆ. ಮಾತ್ರೆ ಸಿಕ್ಕಿತು, ಏಳೋಕೆ ಆಗಲಿಲ್ಲ. ಮಂಚದ ಕಾಲು ಹಿಡಿದೆ, ಮೊಣಕೈ ಊರಿದೆ, ಮಗ್ಗುಲಿಗೆ ಹೊರಳಿದೆ. ಹೇಗೋ ಎದ್ದು ಮಂಚದ ಮೇಲೆ ಕೂತಾಗ ಬೆನ್ನೆಲ್ಲ ಬೆವರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಗ ನನಗೆ 66.

ದಿನಾ ಮುಕ್ಕಾಲು ಗಂಟೆ ನಡೆಯುತ್ತೇನೆ, ನನಗೇನು ಅಂತ ಬೀಗಿಕೊಂಡಿದ್ದವನು ನಾನು. ನಡಿಗೆ ಎದೆಗೆ, ಉಸಿರಿಗೆ ಒಳ್ಳೆಯದು ನಿಜ. ಕೂತಲ್ಲಿಂದ ಮೈ ಎತ್ತುವ ತೊಡೆಯ ಬಲ ಅದೊಂದರಿಂದಲೇ ಉಳಿಯೋದಿಲ್ಲ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಹೆಚ್ಚುಕಮ್ಮಿ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, 60ರ ನಂತರ ಇನ್ನೂ ಬೇಗ. ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ನನಗೆ ಗೊತ್ತಿತ್ತು. 65 ದಾಟಿದವರು ಅದರ ಜೊತೆಗೆ ಬಲಕ್ಕೆ, ಸಮತೋಲನಕ್ಕೆ ಅಂತಲೂ ವ್ಯಾಯಾಮ ಮಾಡಬೇಕು ಅನ್ನೋದು ಅದೇ ಸಲಹೆಯಲ್ಲಿದೆ. ಅಲ್ಲಿವರೆಗೆ ನಾನು ಓದಿರಲೇ ಇಲ್ಲ.

ಒಂದು ಸುಲಭದ ಪರೀಕ್ಷೆ ಇದೆ. ಕೈಯನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಅಂತ ಎಣಿಸೋದು. ನನ್ನ ವಯಸ್ಸಿನ ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬಲ ಸಾಲದು ಅಂತ ಲೆಕ್ಕ. ನನಗೆ ಬಂದಿದ್ದು 8.

ಅವಮಾನ ಆಯಿತು. ಮರುದಿನವೇ ಹಟಕ್ಕೆ ಬಿದ್ದು 40 ಬಸ್ಕಿ ಹೊಡೆದೆ. ಮಂಡಿ ಊದಿಕೊಂಡು ಹತ್ತು ದಿನ ನಡಿಗೆಯೂ ಇಲ್ಲದಂತಾಯಿತು. ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಸಿದರು. ಪಾದ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ, ಮುಂದಕ್ಕೆ ಬಾಗಿ, ಆಮೇಲೆ ಏಳಿ ಅಂದರು. ಕೂರುವಾಗ ದೊಪ್ಪನೆ ಬೀಳಬಾರದು, ಮೂರು ಎಣಿಸುತ್ತಾ ಇಳಿಯಬೇಕು. ಆ ಇಳಿಯೋದರಲ್ಲೇ ತೊಡೆಗೆ ನಿಜವಾದ ಕೆಲಸ! ಮೊದಲ ವಾರ ಐದೈದರಂತೆ ಎರಡು ಸರದಿ, ಅದೂ ದಿನ ಬಿಟ್ಟು ದಿನ. ದಿಂಬು ತೆಗೆಯೋಕೆ ಆರು ವಾರ ಹಿಡಿಯಿತು.

ಸಮತೋಲನಕ್ಕೆ ಬೇರೆ ಸಮಯ ಇಟ್ಟಿಲ್ಲ. ಹಲ್ಲುಜ್ಜುವಾಗ ಸಿಂಕ್ ಅಂಚಿಗೆ ಒಂದು ಕೈ ಇಟ್ಟು ಒಂಟಿಕಾಲಲ್ಲಿ ನಿಲ್ಲುತ್ತೇನೆ. ನೆಲ ಒದ್ದೆ ಇದ್ದರೆ ಆ ದಿನ ಬೇಡ.

ಇದರ ನಡುವೆ ಇನ್ನೊಂದು ಗೊತ್ತಾಯಿತು. ಬೆಳಗ್ಗೆ ಎದ್ದ ಕೂಡಲೇ ತಲೆ ತಿರುಗುತ್ತಿತ್ತು, ವಯಸ್ಸಾಯ್ತಲ್ವಾ ಅಂತ ಸುಮ್ನಿದ್ದೆ. ಒಂದು ವಾರ ದಿನಾ, ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿ ಪುಸ್ತಕದಲ್ಲಿ ಬರೆದೆ. ನಿಂತಾಗ ಮೇಲಿನ ಅಂಕಿ 20ಕ್ಕಿಂತ ಜಾಸ್ತಿ ಇಳಿಯುತ್ತಿತ್ತು. ಡಾಕ್ಟರಿಗೆ ಆ ಪುಟ ತೋರಿಸಿದೆ. ಅವರು ಒಂದು ಮಾತ್ರೆಯ ಪ್ರಮಾಣ ಕಡಿಮೆ ಮಾಡಿದರು. ನಾನೇ ನಿಲ್ಲಿಸಿದ್ದರೆ ಎಡವಟ್ಟಾಗುತ್ತಿತ್ತು. ನನ್ನ ಕೆಲಸ ಬರೆದುಕೊಂಡು ಹೋಗೋದು, ಅಷ್ಟೇ. ಈಗ ಏಳುವ ಮುಂಚೆ ಮಂಚದಂಚಿಗೆ ಒಂದು ನಿಮಿಷ ಕೂತು, ಪಾದ ಆಡಿಸಿ ಏಳುತ್ತೇನೆ.

ಐದು ತಿಂಗಳಾದ ಮೇಲೆ ಕುರ್ಚಿ ಲೆಕ್ಕ 13ಕ್ಕೆ ಬಂತು. ಅವತ್ತು ಬೇಕಂತಲೇ ನೆಲಕ್ಕೆ ಕೂತು, ಒಂದು ಮಂಡಿ ಊರಿ, ಕುರ್ಚಿ ಹಿಡಿದು ಎದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಗ ಮಾತ್ರೆಯ ಕಥೆ ಹೇಳಿದೆ. "ಅವತ್ತು ನಾನು ಪಕ್ಕದ ರೂಮಲ್ಲೇ ಇದ್ದೆ, ಕೂಗಬಾರದಿತ್ತಾ?" ಅಂದಳು. ಆಮೇಲೆ ಏನೋ ಅಂದಳು, ಸರಿಯಾಗಿ ಕೇಳಲಿಲ್ಲ. ಕಿವಿ ಪರೀಕ್ಷೆ ಮಾಡಿಸ್ಕೊಳ್ಳಿ ಅಂದಳಂತೆ. ಮುಂದಿನ ವಾರಕ್ಕೆ ಬರೆಸಿದ್ದೇನೆ.