ಈ ಸಾಲು ಎಲ್ಲಿಂದ ಬಂತು?

2024ರ ಜೂನ್ ಕೊನೆಯ ವಾರ ಇ-ಆಫೀಸಿನಲ್ಲಿ ನನಗೊಂದು ಕಡತ ಬಂತು. ಟಿಪ್ಪಣಿಯಲ್ಲಿ ಇದ್ದದ್ದು ಒಂದೇ ಕಂಡಿಕೆ: ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಜಾರಿಗೆ ಬರಲಿರುವುದರಿಂದ ನಿರ್ದೇಶನಾಲಯದ ಎಲ್ಲ ನಿಯಮ, ನಮೂನೆ, ಸುತ್ತೋಲೆಗಳನ್ನು ಪರಿಶೀಲಿಸಿ ಹೊಸ ಪ್ರಕರಣ (ಸೆಕ್ಷನ್) ಸಂಖ್ಯೆಗಳನ್ನು ಅಳವಡಿಸಲು ಕ್ರಮವಹಿಸುವುದು. ಬೆಂಗಳೂರಿನಲ್ಲಿರುವ ನಮ್ಮ ನಿರ್ದೇಶನಾಲಯದ ಕೆಲಸ ಪರವಾನಗಿ ಕೊಡುವುದು, ತಪಾಸಣೆ ಮಾಡುವುದು, ತಪ್ಪಿದವರಿಗೆ ನೋಟಿಸು ಕಳಿಸುವುದು. ಕಾನೂನು ಕೋಶದ ಮೇಲ್ವಿಚಾರಣೆ ನನ್ನದು. ಇಬ್ಬರು ಕಾನೂನು ಅಧಿಕಾರಿಗಳು, ಮೂವರು ವಿಷಯ ನಿರ್ವಾಹಕರು, ಆರು ತಿಂಗಳಲ್ಲಿ ನಿವೃತ್ತರಾಗಲಿದ್ದ ಒಬ್ಬ ಅಧೀಕ್ಷಕರು, ಇಷ್ಟು ಜನ. ಹದಿನೈದು ದಿನಗಳಲ್ಲಿ ಮುಗಿಸುತ್ತೇವೆ ಎಂದು ಬರೆದು ಕಳಿಸಿದೆ. ಮುಗಿಯಲು ಹನ್ನೊಂದು ತಿಂಗಳು ಬೇಕಾಯಿತು.

ಮೇಲುನೋಟಕ್ಕೆ ಅದು ಗುಮಾಸ್ತಿಕೆ. ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 353 ಇದ್ದಲ್ಲಿ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 132, 188 ಇದ್ದಲ್ಲಿ 223. ‘ದಂಡ ಸಂಹಿತೆಯ 21ನೇ ಪ್ರಕರಣದ ಅರ್ಥವ್ಯಾಪ್ತಿಯಲ್ಲಿ ಲೋಕ ನೌಕರ’ (ಪಬ್ಲಿಕ್ ಸರ್ವೆಂಟ್) ಎಂಬ ಮಾತು ಎಷ್ಟೋ ಅಧಿನಿಯಮಗಳಲ್ಲಿ ಬರುತ್ತದೆ. ಅದೀಗ ನ್ಯಾಯ ಸಂಹಿತೆಯ 2(28). ಒಂದು ಪಟ್ಟಿ ಮಾಡಿಕೊಂಡರೆ ಉಳಿದದ್ದನ್ನು ಕಂಪ್ಯೂಟರ್ ಹುಡುಕಿಕೊಡುತ್ತದೆ ಎಂದುಕೊಂಡಿದ್ದೆ.

ಕಂಪ್ಯೂಟರ್ ಕೈಕೊಟ್ಟಿತು. ನಮ್ಮ ಹಳೆಯ ಸುತ್ತೋಲೆಗಳೆಲ್ಲ ಯೂನಿಕೋಡ್‌ಗೆ ಮುಂಚಿನ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪಾದವು. ‘ದಂಡ ಸಂಹಿತೆ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಕಡತ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ರಾಜ್ಯಪತ್ರದ ಪ್ರತಿಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ಅವುಗಳಲ್ಲಿ ಹುಡುಕುವ ಮಾತೇ ಇಲ್ಲ. ಪದ ಸಿಕ್ಕ ಕಡೆಯಲ್ಲೂ ಒಬ್ಬರು ‘ಭಾರತೀಯ ದಂಡ ಸಂಹಿತೆ’, ಇನ್ನೊಬ್ಬರು ‘ಭಾರತ ದಂಡ ಸಂಹಿತೆ’, ಮತ್ತೊಬ್ಬರು ‘ಭಾ.ದಂ.ಸಂ.’, ಅವಸರದವರು ‘ಐಪಿಸಿ’. ಕೊನೆಗೆ ಎಲ್ಲವನ್ನೂ ಮುದ್ರಿಸಿ ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲ್ ಹಿಡಿದು ಓದಿದೆವು. ಈ ನಿರ್ಧಾರಕ್ಕೆ ನನ್ನ ಮೇಲಧಿಕಾರಿಗಳು ನಕ್ಕರು. ಆದರೆ ಕಣ್ಣಿನಿಂದ ಓದಿದ್ದರಿಂದಲೇ ಮುಂದಿನದೆಲ್ಲ ಕಂಡಿತು.

ಮೊದಲು ಕಂಡದ್ದು ನಗು ತರಿಸಿತು. ಒಂದು ನಿಯಮಾವಳಿ ಇನ್ನೂ 1898ರ ದಂಡ ಪ್ರಕ್ರಿಯಾ ಸಂಹಿತೆಯನ್ನೇ ಉಲ್ಲೇಖಿಸುತ್ತಿತ್ತು. ಆ ಸಂಹಿತೆ ಹೋಗಿ 1973ರದ್ದು ಜಾರಿಗೆ ಬಂದದ್ದು 1974ರ ಏಪ್ರಿಲ್ 1ರಂದು. ಅಂದರೆ ಐವತ್ತು ವರ್ಷ ಆ ಸಾಲನ್ನು ಯಾರೂ ಮುಟ್ಟಿರಲಿಲ್ಲ. 1973ರದ್ದೂ ಈಗ ಹೋಗುತ್ತಿದ್ದುದರಿಂದ ನಾವು ಒಂದು ಮೆಟ್ಟಿಲಲ್ಲ, ಎರಡು ಮೆಟ್ಟಿಲು ಒಟ್ಟಿಗೆ ಹತ್ತಬೇಕಿತ್ತು. ಇನ್ನೊಂದು ನಮೂನೆಯ ತಲೆಯ ಮೇಲೆ ‘ಮೈಸೂರು ರಾಜ್ಯ’ ಎಂದೇ ಇತ್ತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು.

ಕಿರಿಯ ಕಾನೂನು ಅಧಿಕಾರಿ ಚುರುಕು ಹುಡುಗ. ಎರಡನೇ ದಿನವೇ ಬಂದು, “ಮೇಡಂ, ಇಷ್ಟೆಲ್ಲ ಯಾಕೆ? ಸಾಮಾನ್ಯ ಖಂಡಗಳ ಅಧಿನಿಯಮದ 8ನೇ ಪ್ರಕರಣ ಇದೆಯಲ್ಲ” ಎಂದ. ಅವನ ಮಾತು ಸರಿ. ಕಾನೂನೊಂದು ನಿರಸನಗೊಂಡು (ರದ್ದಾಗಿ) ಬೇರೆ ರೂಪದಲ್ಲಿ ಮತ್ತೆ ಬಂದರೆ ಹಳೆಯ ಉಲ್ಲೇಖಗಳನ್ನು ಹೊಸದರ ಉಲ್ಲೇಖಗಳೆಂದೇ ಓದಿಕೊಳ್ಳಬೇಕು ಎನ್ನುತ್ತದೆ ಆ ಪ್ರಕರಣ. ನ್ಯಾಯಾಲಯದಲ್ಲಿ ಅಷ್ಟು ಸಾಕು. ಆದರೆ ತಾಲ್ಲೂಕಿನಲ್ಲಿ ಕೂತು ನೋಟಿಸಿನ ಖಾಲಿ ಜಾಗ ತುಂಬುವ ಗುಮಾಸ್ತನಿಗೆ ಒಂದು ಸಂಖ್ಯೆ ಬೇಕು, ಅದನ್ನು ಓದುವ ಅಂಗಡಿಯವನಿಗೂ ಬೇಕು. ನಮೂನೆ ಬದಲಿಸೋಣ ಎಂದೆ.

ಇಲ್ಲೇ ನಾನು ಎಡವಿದ್ದು. ಉತ್ಸಾಹದಲ್ಲಿ ಪೊಲೀಸರಿಗೆ ದೂರು ಕೊಡುವ ನಮೂನೆಯನ್ನು ಜುಲೈ ಮೊದಲ ವಾರವೇ ಪೂರ್ತಿ ಬದಲಿಸಿ ಎಲ್ಲ ಜಿಲ್ಲೆಗಳಿಗೂ ಕಳಿಸಿಬಿಟ್ಟೆ. ಮೇ ತಿಂಗಳಲ್ಲಿ ತಪಾಸಣೆಗೆ ಹೋಗಿದ್ದ ನಮ್ಮ ನಿರೀಕ್ಷಕರೊಬ್ಬರನ್ನು ಯಾರೋ ಕೊರಳಪಟ್ಟಿ ಹಿಡಿದು ಹೊರಗೆ ದಬ್ಬಿದ್ದರು. ಆ ದೂರು ತಡವಾಗಿ, ಹೊಸ ನಮೂನೆಯಲ್ಲಿ, ನ್ಯಾಯ ಸಂಹಿತೆಯ 132ರ ಅಡಿಯಲ್ಲಿ ಹೋಯಿತು. ಠಾಣೆಯಿಂದ ಹಿಂಬರಹ ಬಂತು: ಘಟನೆ ನಡೆದ ದಿನ ಈ ಕಾನೂನು ಜಾರಿಯಲ್ಲಿರಲಿಲ್ಲ. ಮುಖಕ್ಕೆ ಹೊಡೆದಂತಾಯಿತು. ನ್ಯಾಯ ಸಂಹಿತೆಯ 358ನೇ ಪ್ರಕರಣ, ಅದರ ಕೊಟ್ಟಕೊನೆಯದು, ಹಳೆಯ ಸಂಹಿತೆಯನ್ನು ನಿರಸನಗೊಳಿಸುವಾಗಲೇ ಹಿಂದಿನ ಅಪರಾಧಗಳ ಹೊಣೆಯನ್ನು ಉಳಿಸಿಕೊಂಡಿದೆ. ಸಂವಿಧಾನದ 20(1)ನೇ ಅನುಚ್ಛೇದವೂ ಕೃತ್ಯ ನಡೆದಾಗ ಇದ್ದ ಕಾನೂನಿನಂತೆಯೇ ಶಿಕ್ಷೆ ಎನ್ನುತ್ತದೆ. ಇದನ್ನು ಕಾನೂನು ಓದುವ ಮಕ್ಕಳಿಗೆ ನಾನೇ ಪಾಠ ಮಾಡಿದ್ದೆ! ನಮೂನೆಯಲ್ಲಿ ‘ಘಟನೆಯ ದಿನಾಂಕ 1-7-2024ಕ್ಕೆ ಮುಂಚೆ / ನಂತರ’ ಎಂಬ ಒಂದು ಸಾಲು ಸೇರಿಸಿ, ಎರಡೂ ಸಂಖ್ಯೆಗಳನ್ನು ಕೊಟ್ಟು ಮತ್ತೆ ಕಳಿಸಿದೆ. ಜೊತೆಯ ಪತ್ರದಲ್ಲಿ ತಪ್ಪು ಕಾನೂನು ಕೋಶದ್ದು ಎಂದು ಸ್ಪಷ್ಟವಾಗಿ ಬರೆದೆ. ಕೆಳಗಿನವರ ತಲೆಗೆ ಕಟ್ಟಿದ್ದರೆ ಮುಂದೆ ಅವರು ನನ್ನ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಆ ಪೆಟ್ಟಿನ ನಂತರ ಪರಿಶೀಲನೆಯ ರೀತಿಯನ್ನೇ ಬದಲಿಸಿದೆ. ‘ಪರಿಶೀಲಿಸಿದೆ, ಸರಿಯಿದೆ’ ಎಂಬ ಷರಾ ಬರೆಯುವಂತಿಲ್ಲ ಎಂದೆ. ಪ್ರತಿ ನಮೂನೆಯ ಪ್ರತಿ ಸಾಲಿನ ಎದುರು, ಅದು ಯಾವ ಅಧಿನಿಯಮದ ಯಾವ ಪ್ರಕರಣದಿಂದ, ಯಾವ ನಿಯಮದಿಂದ ಬಂತು ಎಂದು ಬರೆಯಬೇಕು. ಬರೆಯಲಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ನನ್ನ ಬಳಿ ತರಬೇಕು. ಮೊದಲ ವಾರ ಎಲ್ಲರೂ ಗೊಣಗಿದರು. ಮೂರನೇ ವಾರದ ಹೊತ್ತಿಗೆ ಪ್ರಶ್ನಾರ್ಥಕ ಚಿಹ್ನೆಗಳೇ ಒಂದು ಕಟ್ಟು ಆಗಿದ್ದವು.

ಅದರಲ್ಲಿ ಒಂದನ್ನು ಹೇಳುತ್ತೇನೆ. ಪರವಾನಗಿ ನವೀಕರಣದ ಅರ್ಜಿಗೆ ಛಾಪಾ ಕಾಗದದ ಮೇಲೆ, ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಲಗತ್ತಿಸಬೇಕು. ನಾನು ಸೇವೆಗೆ ಸೇರಿದಾಗಿನಿಂದಲೂ ಅದು ಇದೆ; ಪ್ರಶ್ನಿಸುವುದು ಹೊಳೆದೇ ಇರಲಿಲ್ಲ. ನಿಯಮ ತೆಗೆದು ನೋಡಿದರೆ ಕೇಳಿರುವುದು ಮೂರು ದಾಖಲೆ: ಅರ್ಜಿ, ಶುಲ್ಕದ ರಸೀದಿ, ಹಿಂದಿನ ಪರವಾನಗಿಯ ಪ್ರತಿ. ಅಫಿಡವಿಟ್ ಎಲ್ಲಿಂದ ಬಂತು? 2009ರ ಒಂದು ಸುತ್ತೋಲೆಯಿಂದ. ಅದರ ಉಲ್ಲೇಖದಲ್ಲಿ 2003ರ ಇನ್ನೊಂದು ಸುತ್ತೋಲೆ. ಅದರ ಉಲ್ಲೇಖದಲ್ಲಿ ಒಂದು ಸಭಾ ನಡವಳಿ. ಆ ನಡವಳಿ ಯಾರಿಗೂ ಸಿಗಲಿಲ್ಲ.

ನಮ್ಮ ಅಧೀಕ್ಷಕರು ಮಾತ್ರ ಏನೂ ಹೇಳದೆ ದಾಖಲೆ ಕೊಠಡಿಯ ಬೀಗದ ಕೈ ತೆಗೆದುಕೊಂಡು ಹೋದರು. ಸಂಜೆ ಐದರ ಹೊತ್ತಿಗೆ ತಲೆತುಂಬ ಧೂಳು ಮಾಡಿಕೊಂಡು, ಕೆಂಪು ಬಟ್ಟೆಯ ಗಂಟೊಂದನ್ನು ಎದೆಗವಚಿಕೊಂಡು ಬಂದರು. ಗಂಟು ಬಿಚ್ಚಿದರೆ ಗೆದ್ದಲು ಅಂಚು ತಿಂದ, ಸೈಕ್ಲೋಸ್ಟೈಲ್ ಮಾಡಿದ ಎರಡು ಹಾಳೆ. ಒಂದು ಜಿಲ್ಲೆಯಲ್ಲಿ ಒಬ್ಬ ಅರ್ಜಿದಾರ ಸತ್ತವನ ಹೆಸರಿನಲ್ಲಿ ನವೀಕರಣ ಮಾಡಿಸಿಕೊಂಡಿದ್ದನಂತೆ. ಅದಕ್ಕೆ ಆ ಜಿಲ್ಲೆಯಲ್ಲಿ, ‘ಪ್ರಸಕ್ತ ಸಾಲಿಗೆ ಮಾತ್ರ’ ಅಫಿಡವಿಟ್ ಪಡೆಯಬಹುದು ಎಂದು ತೀರ್ಮಾನ. 2003ರ ಸುತ್ತೋಲೆ ಬರೆದವರು ಜಿಲ್ಲೆಯ ಹೆಸರು ಬಿಟ್ಟರು, 2009ರವರು ‘ಪ್ರಸಕ್ತ ಸಾಲಿಗೆ’ ಬಿಟ್ಟರು, ‘ಪಡೆಯಬಹುದು’ ಎಂಬುದು ‘ಪಡೆಯತಕ್ಕದ್ದು’ ಆಯಿತು. ಕಾನೂನಿನ ಕನ್ನಡದಲ್ಲಿ ‘ಬಹುದು’ ಮತ್ತು ‘ತಕ್ಕದ್ದು’ಗಳ ನಡುವೆ ಎಷ್ಟು ಅಂತರವಿದೆ ಎಂದು ಹೊಸಬರಿಗೆ ತೋರಿಸಲು ಆ ಮೂರು ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ಫೋಟೊ ತೆಗೆದಿಟ್ಟುಕೊಂಡಿದ್ದೇನೆ.

ಸುತ್ತೋಲೆ ಹಿಂಪಡೆಯಲು ಹಿರಿಯ ಕಾನೂನು ಅಧಿಕಾರಿ ಒಪ್ಪಲಿಲ್ಲ. ಅವರ ವಾದ ತಳ್ಳಿಹಾಕುವಂಥದ್ದಾಗಿರಲಿಲ್ಲ. ನಿಯಮ ಮೌನವಾಗಿರುವ ಕಡೆ ಸರ್ಕಾರ ಆಡಳಿತಾತ್ಮಕ ಸೂಚನೆಯಿಂದ ಆ ಖಾಲಿ ಜಾಗ ತುಂಬಬಹುದು ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಸಂತ ರಾಮ್ ಶರ್ಮಾ ಮೊಕದ್ದಮೆಯಲ್ಲಿ ಹೇಳಿದೆ. ಅಫಿಡವಿಟ್ ಬೇಡವೆಂದು ನಿಯಮ ಎಲ್ಲಿ ಹೇಳಿದೆ? ಎರಡು ದಿನ ವಾದ ನಡೆಯಿತು. ಕೊನೆಗೆ ನಿಯಮದ ಒಂದು ಪದದ ಮೇಲೆ ಬೆರಳಿಟ್ಟೆ: ‘ಈ ಕೆಳಗಿನ ದಾಖಲೆಗಳನ್ನು ಮಾತ್ರ’. ‘ಮಾತ್ರ’ ಇದ್ದ ಮೇಲೆ ಮೌನ ಎಲ್ಲಿಯದು? ನಿಯಮ ಬಾಯಿ ಬಿಟ್ಟು ಹೇಳಿದ್ದಕ್ಕೆ ಸುತ್ತೋಲೆ ಅಡ್ಡ ಹೋಗುವಂತಿಲ್ಲ ಎಂಬುದೂ ಅದೇ ತೀರ್ಪಿನಲ್ಲಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಟಿಪ್ಪಣಿಯಲ್ಲಿ ನನ್ನ ಅಭಿಪ್ರಾಯವೂ ಇರಲಿ” ಎಂದರು. ಇಟ್ಟೆ. ಭಿನ್ನಾಭಿಪ್ರಾಯ ಕಡತದಲ್ಲೇ ಇದ್ದರೆ ಆದೇಶ ಮಾಡುವವರಿಗೂ ಧೈರ್ಯ.

ಅಫಿಡವಿಟ್ಟಿನ ಖರ್ಚು ನೂರಿನ್ನೂರು ರೂಪಾಯಿ ಇರಬಹುದು. ಅದಕ್ಕಿಂತ ದೊಡ್ಡ ಪರಿಣಾಮ ನನಗೆ ತಿಳಿದದ್ದು ಎರಡು ದಿನ ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ ಕುಳಿತ ಮೇಲೆ. ಸರ್ಕಾರಿ ಸೇವೆಗಳನ್ನು ಗೊತ್ತುಪಡಿಸಿದ ದಿನಗಳೊಳಗೆ ಕೊಡಬೇಕೆನ್ನುವ ಸಕಾಲ ಅಧಿನಿಯಮದಲ್ಲಿ ದಿನಗಳ ಎಣಿಕೆ ಶುರುವಾಗುವುದು ಅರ್ಜಿ ಪೂರ್ಣವಾಗಿದ್ದರೆ. ಅಫಿಡವಿಟ್ ಇಲ್ಲದ ಅರ್ಜಿ ಅಪೂರ್ಣ, ಆದ್ದರಿಂದ ನೋಂದಣಿಯೇ ಇಲ್ಲ, ಆದ್ದರಿಂದ ವಿಳಂಬವೂ ಇಲ್ಲ. ನಮ್ಮ ಅಂಕಿಅಂಶ ಅಷ್ಟು ಚೆನ್ನಾಗಿ ಕಾಣುತ್ತಿದ್ದ ಗುಟ್ಟು ಅಲ್ಲಿತ್ತು.

ಇನ್ನೊಂದು ಪ್ರಶ್ನಾರ್ಥಕ ಚಿಹ್ನೆ ಭಾಷೆಯದು. ಮೇಲ್ಮನವಿಯ ಅವಧಿ ನಿಯಮದ ಇಂಗ್ಲಿಷ್ ಪಾಠದಲ್ಲಿ ಆದೇಶ ತಲುಪಿದ ದಿನದಿಂದ ಮೂವತ್ತು ದಿನ, ಕನ್ನಡ ಪಾಠದಲ್ಲಿ ಆದೇಶದ ದಿನಾಂಕದಿಂದ ಮೂವತ್ತು ದಿನ. ಹೊಸದುರ್ಗದ ಕಡೆಯ ಒಬ್ಬರಿಗೆ ಅಂಚೆಯಲ್ಲಿ ಆದೇಶ ಸೇರಿದ್ದು ಹತ್ತೊಂಬತ್ತನೇ ದಿನ. ವಕೀಲರನ್ನು ಹುಡುಕಿ ಮೇಲ್ಮನವಿ ಹಾಕುವಷ್ಟರಲ್ಲಿ ಮೂವತ್ತಾರು ದಿನ. ನಮ್ಮ ಕಚೇರಿ ಕನ್ನಡ ಪಾಠ ನೋಡಿ ಕಾಲಮಿತಿ ಮೀರಿದೆ ಎಂದು ತಿರಸ್ಕರಿಸಿತ್ತು. ಸಂವಿಧಾನದ 348(3)ನೇ ಅನುಚ್ಛೇದದಂತೆ ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಅಧಿಕೃತ ಇಂಗ್ಲಿಷ್ ಪಾಠ. ಹೈಕೋರ್ಟಿನಲ್ಲಿ ವಕೀಲರು ತೆರೆಯುವುದು ಅದನ್ನೇ. ಜನ ಓದುವುದು ಕನ್ನಡವನ್ನು. ಅಂದಿನಿಂದ ಎರಡು ಪಾಠಗಳನ್ನೂ ಇಬ್ಬರು ಎದುರುಬದುರು ಕೂತು ಗಟ್ಟಿಯಾಗಿ ಓದುವ ಪದ್ಧತಿ ಮಾಡಿದೆ. ಒಬ್ಬರೇ ಓದಿದರೆ ಕಣ್ಣು ತನಗೆ ಗೊತ್ತಿರುವುದನ್ನೇ ಓದಿಕೊಳ್ಳುತ್ತದೆ.

ತಿದ್ದುಪಡಿಗಳ ದಾರಿ ಎಲ್ಲರಿಗೂ ಗೊತ್ತಿರುವುದೇ. ಕರಡು ಆಡಳಿತ ಇಲಾಖೆಗೆ, ಅಲ್ಲಿಂದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಗೆ, ರಾಜ್ಯಪತ್ರಕ್ಕೆ, ಆಕ್ಷೇಪಣೆಗೆ ಕಾಲಾವಕಾಶ, ಮತ್ತೆ ರಾಜ್ಯಪತ್ರಕ್ಕೆ. ಅದಕ್ಕೆ ಸಮಯ ಹಿಡಿಯುತ್ತದೆ. ಸುತ್ತೋಲೆ ಹಿಂಪಡೆಯಲು ಹೊರಡಿಸಿದವರ ಒಂದು ಸಹಿ ಸಾಕು. ಹಾಗಾಗಿ ನಿಯಮಕ್ಕೆ ಕೈ ಹಾಕುವ ಮೊದಲು ಸುತ್ತೋಲೆಗಳನ್ನು ಮುಗಿಸಿದೆವು, ಮೂವತ್ತೊಂದು ಹೋದವು. ಅಧೀಕ್ಷಕರ ನಿವೃತ್ತಿಯ ದಿನ ಹಾರ ಹಾಕುವಾಗ, “ಮೇಡಂ, ಇದರಲ್ಲಿ ಒಂಬತ್ತು ನಾನೇ ಟೈಪ್ ಮಾಡಿದ್ದು” ಎಂದು ಕಿವಿಯಲ್ಲಿ ಹೇಳಿದರು.

ನಮ್ಮ ಗೇಟಿನ ಎದುರು ಹೊಂಗೆ ಮರದ ಕೆಳಗೆ ಕೊಡೆ ಬಿಚ್ಚಿಕೊಂಡು ಕೂರುವ ನೋಟರಿಯೊಬ್ಬರಿದ್ದಾರೆ. ಅಫಿಡವಿಟ್ ಬೇಡವೆಂಬ ಆದೇಶ ಹೊರಟ ವಾರ ನನ್ನನ್ನು ತಡೆದು, “ಏನು ಮೇಡಂ, ನಮ್ಮ ಹೊಟ್ಟೆಯ ಮೇಲೆ ಹೊಡೆದುಬಿಟ್ಟಿರಲ್ಲ” ಎಂದರು, ನಗುತ್ತಲೇ. ನಾನೂ ನಕ್ಕೆ. ಮೊನ್ನೆ ನೋಡಿದರೆ ಅವರ ಮೇಜಿನ ಮುಂದೆ ಮತ್ತೆ ನಾಲ್ಕು ಜನ ನಮ್ಮ ನವೀಕರಣದ ಅರ್ಜಿ ಹಿಡಿದು ನಿಂತಿದ್ದರು. ವಿಚಾರಿಸಿದೆ. ಕೌಂಟರಿನ ಗಾಜಿಗೆ ಅಂಟಿಸಿದ ಹಳೆಯ ದಾಖಲೆಗಳ ಪಟ್ಟಿಯನ್ನು ಯಾರೂ ಕಿತ್ತಿರಲಿಲ್ಲ. ಒಳಗೆ ಹೋಗಿ ಉಗುರಿನಿಂದ ನಾನೇ ಕಿತ್ತೆ. ಅಂಟು ಗಟ್ಟಿಯಿತ್ತು, ಅರ್ಧ ಅಲ್ಲೇ ಉಳಿಯಿತು.