ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಮೂರು ಸಾಲು

ಮೋಟಾರನ್ನು ಮೊದಲು ಸ್ಟಾರ್, ಆಮೇಲೆ ಡೆಲ್ಟಾ ಎಂಬ ಎರಡು ಬಗೆಯ ಜೋಡಣೆಯಲ್ಲಿ ಓಡಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್‌ಗೆ ನಲವತ್ತು ನಿಮಿಷದಲ್ಲಿ ವೈರಿಂಗ್ ಮುಗಿಸಿ ಮೋಟಾರ್ ತಿರುಗಿಸಿ ತೋರಿಸುತ್ತಿದ್ದ ಹುಡುಗ ಅವನು. ನಮ್ಮ ಐಟಿಐನ ಎಲೆಕ್ಟ್ರಿಷಿಯನ್ ವಿಭಾಗದಲ್ಲಿ ಆ ವರ್ಷ ಅಷ್ಟು ಅಚ್ಚುಕಟ್ಟಾಗಿ ವೈರು ಬಗ್ಗಿಸುವವರು ಬೇರೆ ಯಾರೂ ಇರಲಿಲ್ಲ. ಕ್ಯಾಂಪಸ್ ಸಂದರ್ಶನಕ್ಕೆ ಬಂದ ಅಧಿಕಾರಿ ಅವನಿಗೆ ಹಾಕಿದ್ದು ಒಂದೇ ಪ್ರಶ್ನೆ: ‘ಮೊದಲು ಸ್ಟಾರ್‌ನಲ್ಲಿ ಏಕೆ ಓಡಿಸುತ್ತೀರಿ? ನೇರವಾಗಿ ಡೆಲ್ಟಾದಲ್ಲೇ ಶುರು ಮಾಡಿದರೆ ಏನಾಗುತ್ತದೆ?’ ಹುಡುಗ ನೆಲ ನೋಡಿದ, ನನ್ನನ್ನು ನೋಡಿದ, ಮತ್ತೆ ನೆಲ ನೋಡಿದ. ಹೊರಗೆ ಬಂದವನು ‘ಗೊತ್ತಿತ್ತು ಸರ್, ಹೇಳಲು ಬರಲಿಲ್ಲ’ ಎಂದ.

ಅವನು ಸುಳ್ಳು ಹೇಳಿರಲಿಲ್ಲ. ಹಿಂದಿನ ವಾರವಷ್ಟೇ ಕಿರಿಯನೊಬ್ಬನಿಗೆ ‘ಒಂದೇ ಸಲಕ್ಕೆ ಎಳೆದರೆ ಲೈನು ಕೂತುಬಿಡುತ್ತದೆ ಕಣೋ’ ಎಂದು ಹೇಳಿಕೊಡುತ್ತಿದ್ದುದನ್ನು ನಾನೇ ಕೇಳಿದ್ದೆ. ಅಂದರೆ, ಮೋಟಾರ್ ಒಮ್ಮೆಲೇ ಭಾರಿ ಕರೆಂಟು ಎಳೆದು ಲೈನಿನ ವೋಲ್ಟೇಜ್ ಕುಸಿಯುತ್ತದೆ. ಅದೇ ಸರಿಯಾದ ಉತ್ತರ. ಸ್ಟಾರ್‌ನಲ್ಲಿ ಮೋಟಾರಿನ ಒಂದೊಂದು ಸುರುಳಿಗೂ (ವೈಂಡಿಂಗ್) 415 ವೋಲ್ಟ್‌ನ ಬದಲು ಸುಮಾರು 240 ವೋಲ್ಟ್ ಮಾತ್ರ ಸಿಗುತ್ತದೆ, ಲೈನಿನಿಂದ ಎಳೆಯುವ ಕರೆಂಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ‘ಲೈನು ಕೂತುಬಿಡುತ್ತದೆ’ ಎನ್ನುವುದರಿಂದ ಇಲ್ಲಿಗೆ ಬರಲು ಬೇಕಾದದ್ದು ಎರಡು ಮೆಟ್ಟಿಲು. ಆ ಎರಡು ಮೆಟ್ಟಿಲನ್ನು ಕಟ್ಟಬೇಕಾದವನು ನಾನಾಗಿದ್ದೆ, ಕಟ್ಟಿರಲಿಲ್ಲ.

ಆಗ ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಸಂದರ್ಶನದಲ್ಲಿ ಕೇಳುವ ಇಪ್ಪತ್ತು ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದು ಬಾಯಿಪಾಠ ಮಾಡಿಸಿದೆ. ಮುಂದಿನ ವರ್ಷ ಬಂದ ಅಧಿಕಾರಿಯ ಮುಂದೆ ಹುಡುಗರೆಲ್ಲ ಒಂದೇ ಮಾತಿನಲ್ಲಿ, ಒಂದೇ ರಾಗದಲ್ಲಿ ತಮ್ಮ ಪರಿಚಯ ಒಪ್ಪಿಸಿದರು. ಐದನೆಯವನ ಹೊತ್ತಿಗೆ ಆ ಅಧಿಕಾರಿ ನಗು ತಡೆಯಲಾಗದೆ ನೀರು ಕುಡಿಯುವ ನೆಪ ಮಾಡಿದರು. ಅಪ್ಪ ಟೈಲರ್ ಆಗಿದ್ದ ಹುಡುಗನೂ ಆ ದಿನ ‘ನನ್ನ ತಂದೆ ರೈತರು’ ಎಂದು ಹೇಳಿಬಿಟ್ಟಿದ್ದ, ಕಾಗದದಲ್ಲಿ ಹಾಗಿತ್ತೆಂಬ ಕಾರಣಕ್ಕೆ.

ಮಾತನ್ನು ಪ್ರತ್ಯೇಕವಾಗಿ ಕಲಿಸಲು ಆಗದು ಎಂದು ಅಲ್ಲಿಗೆ ನನಗೆ ಖಾತ್ರಿಯಾಯಿತು. ನಮ್ಮ ಪಠ್ಯಕ್ರಮದಲ್ಲಿ ಉದ್ಯೋಗ ಕೌಶಲದ ಪಾಠಕ್ಕೆ ಬೇರೆಯೇ ಪೀರಿಯಡ್ ಇದೆ, ಅದು ಇರಲಿ. ಆದರೆ ಹುಡುಗನ ಬಾಯಿ ಬಿಡುವುದು ಅವನ ಕೈ ಕೆಲಸದಲ್ಲಿರುವಾಗ.

ವರ್ಕ್‌ಶಾಪಿನ ಮೂಲೆಯಲ್ಲಿ ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸುವ ಹಳೆಯ ಡಿಓಎಲ್ ಸ್ಟಾರ್ಟರ್‌ಗಳು ಬಿದ್ದಿದ್ದವು. ಐದನ್ನು ಹಲಗೆಗೆ ಕೂರಿಸಿ, ಒಂದೊಂದರಲ್ಲೂ ಬೇಕೆಂದೇ ಒಂದು ದೋಷ ಇಟ್ಟೆ. ಒಂದರಲ್ಲಿ ಕಂಟ್ರೋಲ್ ಫ್ಯೂಸ್ ಸುಟ್ಟದ್ದು, ಇನ್ನೊಂದರಲ್ಲಿ ಕರೆಂಟು ಹೋದಾಗ ಸ್ಟಾರ್ಟರನ್ನು ಬಿಡಿಸಿ, ಮತ್ತೆ ಬಂದಾಗ ತಾನೇ ಶುರುವಾಗದಂತೆ ತಡೆಯುವ ನೋ-ವೋಲ್ಟ್ ಕಾಯಿಲ್‌ನ ತಂತಿ ಕಡಿದದ್ದು, ಮತ್ತೊಂದರಲ್ಲಿ ಬಟನ್ ಬಿಟ್ಟ ಮೇಲೂ ಸ್ಟಾರ್ಟರನ್ನು ಹಿಡಿದಿಡುವ ಹೋಲ್ಡಿಂಗ್ ಕಾಂಟ್ಯಾಕ್ಟಿನ ವೈರು ಸಡಿಲ. ಇಪ್ಪತ್ತು ಮಕ್ಕಳ ತಂಡ, ನಾಲ್ವರಿಗೆ ಒಂದು ಹಲಗೆ. ನಿಯಮ ಒಂದೇ: ಸ್ಕ್ರೂಡ್ರೈವರ್ ಮುಟ್ಟುವ ಮುನ್ನ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಬೇಕು. ಏನು ಕಂಡೆ? ಯಾವುದರ ಮೇಲೆ ಅನುಮಾನ? ಅದನ್ನು ಹೇಗೆ ಪರೀಕ್ಷಿಸುತ್ತೇನೆ? ಕನ್ನಡದಲ್ಲೇ ಬರೆಯಬಹುದು, ಬಿಡಿಭಾಗದ ಹೆಸರು ಮಾತ್ರ ಕಂಪನಿಯಲ್ಲಿ ಹೇಳುವ ಹಾಗೆಯೇ ಇರಬೇಕು.

ಮೊದಲ ತಿಂಗಳು ಗೋಳು. ‘ಮೋಟಾರ್ ಓಡುತ್ತಿಲ್ಲ’ ಎಂದು ಒಂದು ಸಾಲು ಗೀಚಿ ಪೆಟ್ಟಿಗೆ ಬಿಚ್ಚಲು ಹೊರಡುತ್ತಿದ್ದರು. ನಾನು ಸ್ಕ್ರೂಡ್ರೈವರ್ ಕಿತ್ತುಕೊಂಡು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಓಡುತ್ತಿಲ್ಲ ಎಂದರೆ? ಸ್ಟಾರ್ಟ್ ಒತ್ತಿದಾಗ ಒಳಗಿನ ಕಾಂಟ್ಯಾಕ್ಟರ್ ಸ್ವಿಚ್ ‘ಟಕ್’ ಎನ್ನುತ್ತದೆಯೇ, ಇಲ್ಲವೇ? ಗುಂಯ್‌ಗುಟ್ಟುತ್ತದೆಯೇ? ಬೆರಳು ತೆಗೆದ ಕೂಡಲೇ ನಿಲ್ಲುತ್ತದೆಯೇ?

ಬೆರಳು ತೆಗೆದರೆ ನಿಲ್ಲುವ ಹಲಗೆಯ ಮುಂದೆ ಕುಳಿತಿದ್ದ ಒಬ್ಬ ಹುಡುಗ ಮೆಲ್ಲಗೆ ಹೇಳಿದ, ‘ನಮ್ಮ ತೋಟದ ಸ್ಟಾರ್ಟರ್‌ಗೂ ಹೀಗೇ ಆಗಿತ್ತು ಸರ್. ಅಪ್ಪ ಬಟನ್ನಿಗೆ ಕಡ್ಡಿ ಸಿಕ್ಕಿಸಿದ್ದಾರೆ.’ ತರಗತಿಯೆಲ್ಲ ನಕ್ಕಿತು. ನಗಲು ಏನೂ ಇರಲಿಲ್ಲ. ಅರ್ಧ ಜನರ ತೋಟದಲ್ಲಿ ಆ ಕಡ್ಡಿ ಇದ್ದೇ ಇತ್ತು. ಏಕೆ ಸಿಕ್ಕಿಸುತ್ತಾರೆ ಎಂದು ಕೇಳಿದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ಅಪರಾತ್ರಿಯಲ್ಲಿ, ಪ್ರತಿ ಸಲ ಎದ್ದು ಹೋಗಿ ಬಟನ್ ಒತ್ತುವವರು ಯಾರು, ಕಡ್ಡಿ ಇದ್ದರೆ ಕರೆಂಟು ಬಂದ ಕೂಡಲೇ ತಾನೇ ಶುರುವಾಗುತ್ತದೆ ಎಂದರು. ಸರಿ, ಅಪ್ಪ ಪೈಪಿನ ಜೋಡಣೆ ಬಿಚ್ಚಿ ರಿಪೇರಿ ಮಾಡುತ್ತಿರುವಾಗ ಕರೆಂಟು ಬಂದರೆ? ಆಗ ಯಾರೂ ನಗಲಿಲ್ಲ. ನೋ-ವೋಲ್ಟ್ ಕಾಯಿಲ್ ಇರುವುದು ಏತಕ್ಕೆ ಎಂದು ನಾನು ಮೂರು ವರ್ಷ ಬೋರ್ಡಿನ ಮೇಲೆ ಬರೆಸಿದ್ದೆ. ಕಡ್ಡಿ ಹದಿನೈದು ನಿಮಿಷದಲ್ಲಿ ಕಲಿಸಿತು. ಆ ಹುಡುಗನ ನೋಟ್‌ಬುಕ್ಕಿನಲ್ಲಿ ಅಂದು ಮೂರರ ಬದಲು ಒಂದು ಪುಟವೇ ತುಂಬಿತ್ತು.

ನಾಲ್ವರಿಗೆ ನಾಲ್ಕು ಕೆಲಸ ಹಂಚಿದ್ದೆ. ಒಬ್ಬರು ನಕ್ಷೆ ಓದುವುದು, ಒಬ್ಬರು ಮೀಟರ್ ಹಿಡಿಯುವುದು, ಒಬ್ಬರು ವೈರಿಂಗ್, ಒಬ್ಬರು ಬರೆಯುವುದು. ಹಂಚಿ ಸುಮ್ಮನಾದೆ. ತಂಡದಲ್ಲಿದ್ದ ಇಬ್ಬರು ಹುಡುಗಿಯರೂ ತಿಂಗಳಿಡೀ ಬರೆಯುತ್ತಲೇ ಇದ್ದುದು ನನ್ನ ಗಮನಕ್ಕೆ ಬಂದದ್ದು ತಡವಾಗಿ. ಕೇಳಿದರೆ ‘ಅವರ ಅಕ್ಷರ ಚೆನ್ನಾಗಿದೆ ಸರ್’ ಎಂದರು ಹುಡುಗರು, ಬಹಳ ಉದಾರವಾಗಿ. ಅಂದಿನಿಂದ ಪ್ರತಿ ಸೋಮವಾರ ಕೆಲಸ ಬದಲಾಗುತ್ತದೆ, ಪಟ್ಟಿಯನ್ನು ಗೋಡೆಗೆ ಅಂಟಿಸುತ್ತೇನೆ. ಅಕ್ಷರ ಕೆಟ್ಟದಾಗಿರುವವನು ಬರೆಯಲಿ, ಅವನಿಗೇ ಅದು ಹೆಚ್ಚು ಬೇಕಾದದ್ದು.

ಇದೆಲ್ಲ ನಾನಿಟ್ಟ ದೋಷ, ನಾನೇ ಕೊಟ್ಟ ಹಲಗೆ. ನಿಜವಾದ ಗಿರಾಕಿ ಎದುರಿಗೆ ಬಂದಾಗ ನಡೆಯುವುದೇ ಬೇರೆ. ಹಾಸ್ಟೆಲ್ಲಿನ ಅಡುಗೆಯ ಅಕ್ಕ ಒಮ್ಮೆ ಗ್ರೈಂಡರ್ ಶಾಕ್ ಹೊಡೆಯುತ್ತಿದೆ ಎಂದು ಹೇಳಿಕಳುಹಿಸಿದರು. ಇಬ್ಬರನ್ನು ಕರೆದುಕೊಂಡು ಹೋದೆ. ಹೋದವರೇ ಗ್ರೈಂಡರ್ ಮಗುಚಿ ಬಿಚ್ಚತೊಡಗಿದರು. ಆಕೆ ಸೌಟು ಹಿಡಿದೇ ಬಂದು ಗದರಿದರು: ‘ನಾನು ಹೇಳುವುದನ್ನು ಕೇಳಿಸಿಕೊಳ್ಳದೆ ಬಿಚ್ಚಿ ಕೂತಿರಲ್ಲ, ನಾಳೆಯ ದೋಸೆ ಹಿಟ್ಟನ್ನು ಯಾರು ರುಬ್ಬುತ್ತೀರಿ? ಕಿಟಕಿ ಪಕ್ಕದ ಪ್ಲಗ್ಗಿಗೆ ಹಾಕಿದರೆ ಮಾತ್ರ ಜುಮ್ ಎನ್ನುತ್ತದೆ, ಈ ಕಡೆಯದರಲ್ಲಿ ಏನೂ ಇಲ್ಲ.’ ಅರ್ಧ ಉತ್ತರ ಆಕೆಯ ಬಾಯಲ್ಲೇ ಇತ್ತು. ಆ ಸಾಕೆಟ್ಟಿನ ಅರ್ತ್ ವೈರು ಹಿಂದೆ ಯಾವಾಗಲೋ ಕಡಿದುಹೋಗಿತ್ತು. ಆಮೇಲೆ 500 ವೋಲ್ಟ್‌ನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚಿ ನೋಡಿದರೆ ಗ್ರೈಂಡರಿನ ಇನ್ಸುಲೇಷನ್ ಕೂಡ ಒಂದು ಮೆಗಾಓಮ್‌ಗಿಂತ ಕೆಳಗಿತ್ತು. ಅಂದರೆ ಅರ್ತ್ ಇರುವ ಪ್ಲಗ್ಗಿನಲ್ಲೂ ಅದು ಸೋರುತ್ತಲೇ ಇತ್ತು, ಶಾಕ್ ಮಾತ್ರ ಗೊತ್ತಾಗುತ್ತಿರಲಿಲ್ಲ. ಎರಡನ್ನೂ ಸರಿಮಾಡಬೇಕಾಯಿತು. ಈಗ ಪ್ರತಿ ತಂಡವನ್ನೂ ಆಕೆಯ ಅಡುಗೆಮನೆಗೆ ಕಳುಹಿಸುತ್ತೇನೆ, ದೂರು ಕೇಳಿ ಐದು ಪ್ರಶ್ನೆ ಹಾಕಿ ಬರಲು. ಆಕೆ ಕೊಡುವ ಅಂಕಗಳೇ ನನ್ನ ಲೆಕ್ಕದಲ್ಲಿ ಸಂವಹನದ ಅಂಕಗಳು.

ಆ ಕೆಲಸಕ್ಕೆ ಅಂದಾಜು ಪಟ್ಟಿಯನ್ನೂ ಬರೆಸಿದೆ. ಸಾಕೆಟ್, ವೈರು, ಟೇಪು ಎಲ್ಲದರ ಬೆಲೆ ಬರೆದಿದ್ದರು, ಕೂಲಿ ಬರೆದಿರಲಿಲ್ಲ. ಏಕೆ ಎಂದರೆ, ‘ಗೊತ್ತಿರುವವರಲ್ಲವೇ ಸರ್, ಹೇಗೆ ಕೇಳುವುದು?’ ಎಂದರು. ಊರಿನಲ್ಲಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗೆ ಗೊತ್ತಿಲ್ಲದವರು ಯಾರಿದ್ದಾರೆ? ಹಾಗಾದರೆ ಅವನು ಬದುಕುವುದು ಹೇಗೆ? ಕೂಲಿ ಕೇಳುವುದನ್ನು ನಾನು ಒಂದು ಪಾಠವಾಗಿ ಮಾಡಿದ್ದೇನೆ. ಒಬ್ಬ ಗಿರಾಕಿಯಾಗಿ ಚೌಕಾಸಿ ಮಾಡುತ್ತಾನೆ, ಇನ್ನೊಬ್ಬ ಮುಖ ಕೆಂಪಗೆ ಮಾಡಿಕೊಳ್ಳದೆ ತನ್ನ ದರ ಹೇಳಬೇಕು. ಸಂದರ್ಶನಕ್ಕಿಂತ ಇದು ಕಷ್ಟ ಎನ್ನುತ್ತಾರೆ ಎಲ್ಲರೂ.

ಕಂಪನಿ ಸೇರಿದವರಲ್ಲಿ ಹಲವರು ಮೂರು ತಿಂಗಳಿಗೆ ಊರಿಗೆ ವಾಪಸಾಗುತ್ತಿದ್ದರು. ಕೆಲಸ ಬರದೆ ಅಲ್ಲ. ಫೋನ್ ಮಾಡಿ ಕೇಳಿದಾಗ ಬಂದ ಉತ್ತರಗಳು ಊಟ, ರೂಮು, ರಾತ್ರಿ ಪಾಳಿ, ಮತ್ತೆ ‘ಹೇಳಿದಷ್ಟು ಸಂಬಳ ಕೊಡಲಿಲ್ಲ’. ಈ ಕೊನೆಯದನ್ನು ಕೆದಕಿದರೆ ಸಂಬಳ ಸರಿಯಾಗಿಯೇ ಬಂದಿರುತ್ತಿತ್ತು, ಚೀಟಿ ಓದಲು ಬಂದಿರಲಿಲ್ಲ. ಅದಕ್ಕಾಗಿ ಬೋರ್ಡಿನ ಮೇಲೆ ಒಂದು ಕಲ್ಪಿತ ಚೀಟಿ ಬರೆಯುತ್ತೇನೆ: ಒಟ್ಟು 18,000, ಅದರಲ್ಲಿ ಮೂಲ ವೇತನ 15,000. ಮೂಲ ವೇತನದ ಶೇ 12ರಂತೆ ಭವಿಷ್ಯ ನಿಧಿ 1,800, ಒಟ್ಟು ವೇತನದ ಶೇ 0.75ರಂತೆ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ 135. ಕೈಗೆ 16,065. ಇದರಲ್ಲಿ ರೂಮು, ಊಟ, ಮನೆಗೆ ಕಳುಹಿಸುವುದು ಎಲ್ಲವನ್ನೂ ಅವರೇ ಲೆಕ್ಕ ಹಾಕಬೇಕು. ವರ್ಕ್‌ಶಾಪ್ ಲೆಕ್ಕದ ಪಾಠದಲ್ಲಿ ಶೇಕಡಾವಾರು ಬರುವುದಿಲ್ಲ ಎನ್ನುವವರು ಕೂಡ ಇಲ್ಲಿ ಒಂದು ರೂಪಾಯಿ ತಪ್ಪುವುದಿಲ್ಲ. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಯೊಬ್ಬನನ್ನೂ ಕರೆಸುತ್ತೇನೆ. ಬಟ್ಟೆ ಒಗೆದುಕೊಳ್ಳುವುದು, ಪಾಳಿ ಬದಲಾದಾಗ ನಿದ್ದೆ ಮಾಡುವುದು ಹೇಗೆ ಎಂದು ಅವನು ಹೇಳಿದರೆ ಕೇಳುತ್ತಾರೆ, ನಾನು ಹೇಳಿದರೆ ಆಕಳಿಸುತ್ತಾರೆ.

ಇನ್ನು ಮುಂದೆ ಓದುವವರ ವಿಚಾರ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಬಾಗಿಲು ತೆರೆದಿದೆ, ಹೊಸ್ತಿಲು ಮಾತ್ರ ಎತ್ತರ. ಮೊದಲ ವರ್ಷದ ಗಣಿತ ಇವರಿಗೆ ಆಗಿರುವುದಿಲ್ಲ, ಹೋದವರು ಅಲ್ಲೇ ಎಡವುತ್ತಾರೆ. ಶನಿವಾರ ಮಧ್ಯಾಹ್ನ ಆಸಕ್ತಿ ಇರುವವರಿಗಷ್ಟೇ ಗಣಿತ ಎಂದು ಶುರು ಮಾಡಿದೆ. ಸೂತ್ರದಿಂದ ಆರಂಭಿಸಿದ ಮೊದಲ ಶನಿವಾರ ಒಂಬತ್ತು ಜನ ಬಂದರು, ಎರಡನೆಯದಕ್ಕೆ ನಾಲ್ವರು.

ಮೂರನೆಯ ಶನಿವಾರ ಸೀಮೆಸುಣ್ಣ ಬಿಟ್ಟು ಮಲ್ಟಿಮೀಟರ್ ಹಿಡಿದೆ. ನನ್ನ ಕಣ್ಣೆದುರಿಗೇ, ರಬ್ಬರ್ ಮ್ಯಾಟ್ ಮೇಲೆ ನಿಂತು, ಪ್ಯಾನಲ್ಲಿನಲ್ಲಿ ಎರಡು ಫೇಸುಗಳ ನಡುವಿನ ವೋಲ್ಟೇಜ್ ಅಳೆಯಿರಿ, ಆಮೇಲೆ ಫೇಸ್ ಮತ್ತು ನ್ಯೂಟ್ರಲ್ ನಡುವಿನದು ಎಂದೆ. ಒಂದು ಜೋಡಿಗೆ 408 ಮತ್ತು 236 ಬಂತು, ಇನ್ನೊಂದಕ್ಕೆ 412 ಮತ್ತು 238. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಎಂದೆ. ಎರಡೂ ಜೋಡಿಗೆ 1.73. ಅಂಕಿ ಬೇರೆ ಬೇರೆ, ಉತ್ತರ ಒಂದೇ ಏಕೆ ಎಂದು ಅವರೇ ಕೇಳಿದರು. ಆಗ ಡ್ರಾಯಿಂಗ್ ಹಾಳೆ ಕೊಟ್ಟೆ. ಒಂದು ಸೆಂಟಿಮೀಟರಿಗೆ 40 ವೋಲ್ಟ್. 240 ವೋಲ್ಟ್‌ಗೆ ಆರು ಸೆಂಟಿಮೀಟರಿನ ಎರಡು ಗೆರೆ, ನಡುವೆ 120 ಡಿಗ್ರಿ. ತುದಿಯಿಂದ ತುದಿಗೆ ಸ್ಕೇಲ್ ಇಟ್ಟರೆ ಹತ್ತು ಸೆಂಟಿಮೀಟರ್, ನಾಲ್ಕು ಮಿಲಿಮೀಟರ್. ಹತ್ತು ಪಾಯಿಂಟ್ ನಾಲ್ಕನ್ನು ನಲವತ್ತರಿಂದ ಗುಣಿಸಿದ ಹುಡುಗಿ ‘416’ ಎಂದು ಕೂಗಿದಳು. ಮೂರರ ವರ್ಗಮೂಲ, ಅಂದರೆ ಇದೇ 1.73, ಎಂಬುದು ಅಂದಿನವರೆಗೆ ಅವರಿಗೆ ಪುಸ್ತಕದಲ್ಲಿ ಮುದ್ರಿಸಿದ ಒಂದು ಚಿಹ್ನೆಯಾಗಿತ್ತು. ಸಂಜೆ ಐದರ ಬಸ್ ಹೋಯಿತು, ಆರರದ್ದಕ್ಕೆ ಹೋದರು. ಕೊಸೈನ್ ನಿಯಮಕ್ಕೆ ನಾನು ಬಂದದ್ದು ಅದರ ಮುಂದಿನ ವಾರ.

ಆ ಶನಿವಾರದ ಗುಂಪಿನಿಂದ ಮೂವರು ಡಿಪ್ಲೊಮಾ ಸೇರಿದರು. 416 ಎಂದು ಕೂಗಿದವಳು ಮುಗಿಸಿ, ಈಗ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಲು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆಯಲು ಓದುತ್ತಿದ್ದಾಳೆ. ಇನ್ನೊಬ್ಬ ಕುಂಟುತ್ತಾ ದಾಟುತ್ತಿದ್ದಾನೆ. ಮೂರನೆಯವನು, ಅಂದರೆ ಕಡ್ಡಿಯ ಕಥೆ ಹೇಳಿದ ಹುಡುಗ, ಗಣಿತದಲ್ಲೇ ಸಿಕ್ಕಿಕೊಂಡು ಬಿಟ್ಟುಬಂದ. ನನ್ನ ಶನಿವಾರಗಳು ಅವನಿಗೆ ಸಾಲಲಿಲ್ಲ. ಎಂಟನೇ ತರಗತಿಯ ಭಿನ್ನರಾಶಿಯಲ್ಲೇ ಅವನಿಗೆ ತೊಡಕಿತ್ತು, ಅದನ್ನು ನಾನು ಸೇರಿಸುವ ಮೊದಲೇ ಪರೀಕ್ಷಿಸಿ ನೋಡಬೇಕಿತ್ತು. ಈಗ ಜೂನ್ ತಿಂಗಳಲ್ಲೇ ನೋಡುತ್ತೇನೆ.

ಅವನು ತಾಲ್ಲೂಕು ಪೇಟೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಕಳೆದ ತಿಂಗಳು ಹೋಗಿದ್ದೆ. ಮೇಜಿನ ಮೇಲೆ ಎಣ್ಣೆ ಕಲೆಯ ದಪ್ಪ ನೋಟ್‌ಬುಕ್ ಇತ್ತು. ಬಂದ ಪ್ರತಿ ಮೋಟಾರಿಗೂ ಒಂದು ಪುಟ: ಏನು ಕಂಡೆ, ಯಾವುದರ ಮೇಲೆ ಅನುಮಾನ, ಮೆಗ್ಗರ್ ಎಷ್ಟು ತೋರಿಸಿತು, ಕೆಳಗೆ ಸ್ಲಾಟ್‌ಗಳ ಸಂಖ್ಯೆ, ಸುತ್ತಿನ ಲೆಕ್ಕ, ವೈರಿನ ಗೇಜು. ರೈತರೊಬ್ಬರು ಬಿಲ್ ನೋಡಿ ಗೊಣಗುತ್ತಿದ್ದರು. ಬಿಲ್ಲಿನ ಮೊದಲ ಸಾಲಿನಲ್ಲೇ ಕೂಲಿ ಬರೆದಿತ್ತು. ‘ಸ್ವಲ್ಪ ಕಡಿಮೆ ಮಾಡಪ್ಪಾ, ನಮ್ಮವನೇ ಅಲ್ಲವೇ ನೀನು’ ಎಂದರು ಅವರು. ಹುಡುಗ ನನ್ನ ಕಡೆ ಒಮ್ಮೆ ನೋಡಿ, ‘ವೈರಿನಲ್ಲಿ ಬೇಕಾದರೆ ನೂರು ಬಿಡುತ್ತೇನೆ ಯಜಮಾನರೇ, ಕೂಲಿಯಲ್ಲಿ ಆಗುವುದಿಲ್ಲ’ ಎಂದ.